ಪಕ್ಕದ ಸೀಟಿನ ಲಾಜಿಕ್ ರಾಯರಿಗೆ

ಶ್ರೀಯುತ ಲಾಜಿಕ್ ರಾಯರಿಗೆ,

ವಿಜಯನಗರದಿಂದ ಒಬ್ಬ ನಿವೃತ್ತ ವಿಜ್ಞಾನದ ಮಿಸ್ಸು ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ನೀವೂ ಕಾರ್ಯಕಾರಣ ಸಂಬಂಧಕ್ಕೆ ಸ್ವಲ್ಪವೂ ಧಕ್ಕೆ ಬಾರದಂತೆ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ.

ನಿಮ್ಮ ನಿಜವಾದ ಹೆಸರು ನನಗೆ ಗೊತ್ತಿಲ್ಲ. 2024ರ ಮಾರ್ಚ್‌ನ ಒಂದು ಭಾನುವಾರ ಸಂಜೆ, ರಾಜಾಜಿನಗರದ ಕಡೆಯ ಒಂದು ಮಾಲ್‌ನಲ್ಲಿ 'ಬ್ಲಿಂಕ್' ಎಂಬ ಕನ್ನಡ ಸಿನಿಮಾ ನಡೆಯುವಾಗ ನೀವು ನನ್ನ ಎಡಗಡೆ ಸೀಟಿನಲ್ಲಿದ್ದಿರಿ. ಸಿನಿಮಾ ಮುಗಿಯುವುದರೊಳಗೆ 'ಲಾಜಿಕ್ಕೇ ಇಲ್ಲ' ಎಂದು ಹತ್ತೊಂಬತ್ತು ಸಲ ಹೇಳಿದಿರಿ. ಬಸವೇಶ್ವರನಗರದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಹಾಜರಿ ಕೂಗಿದವಳು ನಾನು. ಎಣಿಸುವುದು ಚಟ, ಎಣಿಸಿದೆ. ಅಂದಿನಿಂದ ನಮ್ಮ ಮನೆಯಲ್ಲಿ ನಿಮಗೆ ಇದೇ ಹೆಸರು. ಪತ್ರ ಬರೆಯಬೇಕೆಂದು ಆವತ್ತೇ ಅಂದುಕೊಂಡಿದ್ದೆ. ಕನ್ನಡ ಸಿನಿಮಾದ ಬಿಡುಗಡೆ ತಾರೀಖಿನ ಹಾಗೆ ಅದು ಮುಂದಕ್ಕೆ ಹೋಗುತ್ತಲೇ ಬಂತು, ಕ್ಷಮೆಯಿರಲಿ.

ಮೊದಲು ನಿಮ್ಮ ಉಪಕಾರವನ್ನು ನೆನೆಯಬೇಕು. ಆ ಸಿನಿಮಾದ ಹುಡುಗ ಕಣ್ಣಿಗೆ ಏನೋ ಹನಿ ಹಾಕಿಕೊಂಡು, ರೆಪ್ಪೆ ಮಿಟುಕಿಸದೆ ಇರುವಷ್ಟು ಹೊತ್ತು ಕಾಲದೊಳಗೆ ಓಡಾಡುತ್ತಾನೆ. ಮಿಟುಕಿಸಿದರೆ ಮುಗಿಯಿತು, ಇದ್ದಲ್ಲಿಗೇ ವಾಪಸ್ಸು. ನಾನು ಬುದ್ಧಿಯಿಲ್ಲದವಳು, ಅವನ ಜೊತೆ ನಾನೂ ಕಣ್ಣು ಬಿಟ್ಟುಕೊಂಡು ಕೂತಿದ್ದೆ. ಕಣ್ಣಲ್ಲಿ ನೀರು ಬಂದಿತ್ತು. ಅಷ್ಟರಲ್ಲಿ ನೀವು ನಿಮ್ಮ ಮನೆಯವರ ಕಡೆ ಬಗ್ಗಿ, "ಇದೆಂಗಾಗುತ್ತೆ ಕಣೇ? ಲಾಜಿಕ್ಕೇ ಇಲ್ಲ" ಎಂದಿರಿ. ಸೆರಗು ಹಿಡಿದು ಎಳೆದಂತಾಯಿತು. ಬಾವಿಗೆ ಬೀಳುವವಳನ್ನು ಉಳಿಸಿದಿರಿ.

ಮಧ್ಯಂತರದಲ್ಲಿ ನೀವು ಫೋನಿನಲ್ಲಿ ಆಡಿದ ಮಾತೂ ಕಿವಿಗೆ ಬಿತ್ತು. ಕದ್ದು ಕೇಳಲಿಲ್ಲ, ಮೂರು ಸಾಲಿಗೂ ಕೇಳಿಸುತ್ತಿತ್ತು. ಕೆಂಗೇರಿಯಿಂದ ಆಚೆ ಯಾವುದೋ ಬಡಾವಣೆ. "ಬ್ರೋಷರ್ ನೋಡಿದೆ ಸಾರ್. ಕೆರೆ ಇದೆ, ಕ್ಲಬ್‌ಹೌಸ್ ಇದೆ, ಬೆಳಿಗ್ಗೆ ಎದ್ದರೆ ನವಿಲು ಬರುತ್ತಂತೆ. ಮೆಟ್ರೊ ಬಾಗಿಲಿಗೇ ಬರುತ್ತೆ. ಎರಡು ವರ್ಷಕ್ಕೆ ಡಬಲ್, ಅಡ್ವಾನ್ಸ್ ಹಾಕ್ಬಿಡಿ." ಆ ಹತ್ತು ನಿಮಿಷದಲ್ಲಿ 'ಲಾಜಿಕ್' ಎಂಬ ಶಬ್ದ ಒಂದು ಸಲವೂ ಬರಲಿಲ್ಲ. ಬ್ರೋಷರಿನಲ್ಲಿ ಬರೆದ ಕೆರೆಗೆ ನವಿಲೂ ಬರುತ್ತದೆಂದು ನೀವು ನಂಬಿದ ಆ ನಂಬಿಕೆಯಿತ್ತಲ್ಲ, ರಾಯರೇ, ಅದರಲ್ಲಿ ನಾಲ್ಕಾಣೆ ಪಾಲು ಪರದೆಯ ಮೇಲಿನ ಹುಡುಗನಿಗೆ ಸಿಕ್ಕಿದ್ದರೆ ಅವನು ದ್ವಾಪರಯುಗದವರೆಗೂ ಹೋಗಿ ಬರುತ್ತಿದ್ದ.

ನಾನು ಮಕ್ಕಳಿಗೆ ಕಲಿಸಿದ ವಿಜ್ಞಾನದಲ್ಲಿ 'ಭಾವಿಸಿ' ಎಂದೊಂದು ಪದ ಇದೆ. ಒಂದು ರಾಟೆ ಇದೆಯೆಂದು ಭಾವಿಸಿ, ಅದಕ್ಕೆ ಘರ್ಷಣೆ ಇಲ್ಲ. ಒಂದು ದಾರ ಇದೆಯೆಂದು ಭಾವಿಸಿ, ಅದಕ್ಕೆ ತೂಕ ಇಲ್ಲ. ಎಸ್.ಪಿ. ರಸ್ತೆಯ ಅಂಗಡಿಗಳನ್ನೆಲ್ಲ ಜಾಲಾಡಿದರೂ ಅಂಥ ರಾಟೆ, ಅಂಥ ದಾರ ಸಿಗುವುದಿಲ್ಲ. ತಳ್ಳಿಬಿಟ್ಟ ವಸ್ತು ಯಾವ ಅಡ್ಡಿಯೂ ಇಲ್ಲದಿದ್ದರೆ ಸದಾ ಹೋಗುತ್ತಲೇ ಇರುತ್ತದೆ ಎಂಬ ನ್ಯೂಟನ್ನನ ಮೊದಲ ನಿಯಮವನ್ನೇ ತೆಗೆದುಕೊಳ್ಳಿ. ಹಾಗೆ ಸದಾ ಹೋಗುತ್ತಿರುವ ವಸ್ತುವನ್ನು ಕಣ್ಣಾರೆ ಕಂಡವರು ಯಾರು? ಗೆಲಿಲಿಯೊ ನುಣುಪಾದ ಇಳಿಜಾರು ಹಲಗೆಗಳ ಮೇಲೆ ಗುಂಡು ಉರುಳಿಸಿ, ಇನ್ನೂ ನುಣುಪಾಗಿದ್ದರೆ, ಇನ್ನೂ ನುಣುಪಾಗಿದ್ದರೆ ಎಂದು ಮನಸ್ಸಿನಲ್ಲೇ ಹಲಗೆ ಉಜ್ಜುತ್ತಾ ಹೋದ. ಮೂವತ್ತೊಂದು ವರ್ಷದಲ್ಲಿ ಒಂದು ಮಗುವೂ ಎದ್ದು ನಿಂತು "ಮಿಸ್, ಲಾಜಿಕ್ಕೇ ಇಲ್ಲ" ಎನ್ನಲಿಲ್ಲ. ಮಕ್ಕಳಿಗೆ ಒಪ್ಪಂದ ಗೊತ್ತಿತ್ತು: ಮಿಸ್ಸಿಗೆ ಆರಂಭದಲ್ಲಿ ಒಂದು ಸುಳ್ಳಿಗೆ ಪರವಾನಗಿ ಇದೆ. ಅದಾದ ಮೇಲೆ ಒಂದು ಸೊನ್ನೆ ಆಚೀಚೆಯಾದರೂ ಬಿಡುವುದಿಲ್ಲ.

ಒಳ್ಳೆಯ ಕಲ್ಪನೆಯ ಸಿನಿಮಾ ಮಾಡುವುದೂ ಇಷ್ಟೇ. ರೆಪ್ಪೆಯ ಮಾತು ನಿರ್ದೇಶಕ ಪಡೆದ ಪರವಾನಗಿ. ಆಮೇಲೆ ಆ ಹುಡುಗ ಒಂದು ಸಲ ಕಣ್ಣು ಮಿಟುಕಿಸಿಯೂ ಅಲ್ಲೇ ಉಳಿದುಬಿಟ್ಟಿದ್ದರೆ ನಾನೇ ಎದ್ದು ನಿಂತು ಜಗಳ ತೆಗೆಯುತ್ತಿದ್ದೆ. ನೀವು ಪ್ರಶ್ನೆ ಕೇಳಿದ್ದು ತಪ್ಪಲ್ಲ, ಮೊದಲನೇ ಸಾಲಿಗೇ ಕೇಳಿದಿರಿ. 'ಎಕ್ಸ್ ಎಂದಿರಲಿ' ಎಂದ ಕೂಡಲೇ 'ಯಾಕೆ, ವೈ ಏನು ಪಾಪ ಮಾಡಿತ್ತು' ಎಂದ ಹಾಗೆ. ಲೆಕ್ಕ ಮುಂದಕ್ಕೆ ಹೋಗುವುದು ಹೇಗೆ?

ಇನ್ನು ನೀವು ಸೀಟಿ ಹೊಡೆದು ನೋಡುವ ಸಿನಿಮಾಗಳ ವಿಷಯ. ವಿಜ್ಞಾನದಲ್ಲಿ ಮಾಸ್ ಎಂದರೆ ದ್ರವ್ಯರಾಶಿ, ಗಾಂಧಿನಗರದಲ್ಲಿ ಅದರ ಅರ್ಥವೇ ಬೇರೆ. ಹೀರೊ ಒಂದು ಗುದ್ದು ಕೊಟ್ಟರೆ ತೊಂಬತ್ತು ಕಿಲೋದ ಮನುಷ್ಯ ಲಾರಿಯ ಗಾಜು ಒಡೆದುಕೊಂಡು ಆಚೆ ಬೀಳುತ್ತಾನೆ. ಮೂರನೇ ನಿಯಮದ ಪ್ರಕಾರ ಅಷ್ಟೇ ಬಲ ಹೀರೊನ ಕಡೆಗೂ ಬರಬೇಕು, ಅವನೂ ಹಿಂದಕ್ಕೆ ಹಾರಿ ಕಡೇ ಪಕ್ಷ ಒಂದು ಟೀ ಅಂಗಡಿಯ ಮೇಲಾದರೂ ಬೀಳಬೇಕು. ಅವನು ಕೂದಲು ಸರಿಮಾಡಿಕೊಂಡು ನಿಂತಿರುತ್ತಾನೆ. ಆಗ ನಿಮ್ಮ ಲಾಜಿಕ್ ಪಾಪ್‌ಕಾರ್ನ್ ತರಲು ಹೋಗಿರುತ್ತದೆ. ಬಲವಂತರ ಸುಳ್ಳಿಗೆ ಚಪ್ಪಾಳೆ, ಬಡ ನಿರ್ದೇಶಕನ ಸುಳ್ಳಿಗೆ ಪಾಟೀಸವಾಲು. ನಮ್ಮ ಊರಿನ ನ್ಯಾಯ ಸಿನಿಮಾದಲ್ಲಿ ಮಾತ್ರ ಬೇರೆ ಇರಬೇಕೆಂದು ನಾನು ಹಟ ಹಿಡಿಯುವುದಿಲ್ಲ ಬಿಡಿ.

ಕಣ್ಣಿನ ಮಾತು ಬಂತಲ್ಲ. ನೀವು ಆ ಮಾಲ್‌ನಿಂದ ಕಾರು ತಿರುಗಿಸಿಕೊಂಡು ವೆಸ್ಟ್ ಆಫ್ ಕಾರ್ಡ್ ರೋಡ್ ಹಿಡಿದಿದ್ದರೆ ಮೋದಿ ಆಸ್ಪತ್ರೆಯ ಮುಂದೆಯೇ ಹೋಗಿರುತ್ತೀರಿ. ಡಾ. ಎಂ.ಸಿ. ಮೋದಿಯವರ ಕಣ್ಣಿನ ಆಸ್ಪತ್ರೆ. ಊರೂರಿಗೆ ಹೋಗಿ ಶಿಬಿರ ಹಾಕಿ, ಸಾಲಾಗಿ ಮಂಚಗಳ ಮೇಲೆ ಮಲಗಿದ ಬಡವರ ಕಣ್ಣಿನ ಪೊರೆ ತೆಗೆಯುತ್ತಾ ಹೋಗುತ್ತಿದ್ದ ಮನುಷ್ಯ. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನಕ್ಕೆ 833 ಶಸ್ತ್ರಚಿಕಿತ್ಸೆ ಮಾಡಿದರು ಎಂಬುದು ಗಿನ್ನೆಸ್ ದಾಖಲೆ. ಇಪ್ಪತ್ನಾಲ್ಕು ಗಂಟೆಯೂ ಕೈ ನಿಲ್ಲಿಸದೆ ಮಾಡಿದರೂ ಒಂದಕ್ಕೆ ಎರಡು ನಿಮಿಷವೂ ಸಿಗುವುದಿಲ್ಲ. ಇದನ್ನು ಯಾರಾದರೂ ಹೊಸ ಹುಡುಗ ಚಿತ್ರಕಥೆಯಲ್ಲಿ ಬರೆದುಕೊಂಡು ಬಂದರೆ ನೀವು ಏನನ್ನುತ್ತೀರಿ ಎಂದು ನನಗೆ ಗೊತ್ತು. ಇಪ್ಪತ್ತನೇ ಸಲ ಅನ್ನುತ್ತೀರಿ.

ಆದರೂ ನೀವು ಹುಟ್ಟಾ ಹೀಗಿರಲಿಲ್ಲ ಎಂಬ ಅನುಮಾನ ನನಗಿದೆ. ವಯಸ್ಸು ನೋಡಿದರೆ ನೀವೂ ನನ್ನ ಕಾಲದವರೇ. 1977ರ 'ಬಭ್ರುವಾಹನ'ವನ್ನು ಎಲ್ಲಿ ನೋಡಿದಿರಿ? ನಾನು ನೋಡಿದ್ದು ರಾಜಾಜಿನಗರದ ನವರಂಗ್‌ನಲ್ಲಿ, ಮರುಬಿಡುಗಡೆಯಾದಾಗ. ಆ ಸಿನಿಮಾದ ನಿರ್ಮಾಪಕರು ಕೆ.ಸಿ.ಎನ್. ಚಂದ್ರಶೇಖರ್, ನವರಂಗ್‌ನ ಕೆ.ಸಿ.ಎನ್. ಗೌಡರ ಮಗ. ಹಾಗಾಗಿ ಅದು ನಮ್ಮ ಏರಿಯಾದ ಸಿನಿಮಾವೇ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಹುಣಸೂರು ಕೃಷ್ಣಮೂರ್ತಿ ನಿರ್ದೇಶಕರು. ಅಪ್ಪ ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಇಬ್ಬರೂ ಎದುರುಬದುರು ನಿಂತು ಪದ್ಯದಲ್ಲೇ ಬೈದಾಡಿಕೊಳ್ಳುತ್ತಾರೆ. ಅಪ್ಪನ ಬಾಯಲ್ಲಿ ಪಿ.ಬಿ. ಶ್ರೀನಿವಾಸರ ಕಂಠ, ಮಗನ ಬಾಯಲ್ಲಿ ರಾಜ್‌ಕುಮಾರರದೇ ಕಂಠ. ಒಂದೇ ಮುಖ, ಎರಡು ವಯಸ್ಸು, ಎರಡು ಗಂಟಲು. ಇಡೀ ಚಿತ್ರಮಂದಿರದಲ್ಲಿ ಒಬ್ಬನಾದರೂ "ಅದೆಂಗೆ" ಎಂದಿದ್ದು ನನಗೆ ನೆನಪಿಲ್ಲ. ಬೆಂಚ್ ಸೀಟಿನವರು ಮಗನ ಪಕ್ಷ, ಬಾಲ್ಕನಿಯವರು ಅಪ್ಪನ ಪಕ್ಷ ವಹಿಸಿ ಕೂಗಾಡಿದ್ದು ನೆನಪಿದೆ.

ಆ ದ್ವಿಪಾತ್ರಗಳನ್ನು ಆಗ ತೆಗೆಯುತ್ತಿದ್ದ ಬಗೆ ಕೇಳಿ. ಕ್ಯಾಮೆರಾದ ಮುಂದೆ ಅರ್ಧ ಭಾಗಕ್ಕೆ ಕಪ್ಪು ಮಾಸ್ಕ್ ಮುಚ್ಚಿ ನಟನನ್ನು ಒಂದು ಕಡೆ ನಿಲ್ಲಿಸಿ ಚಿತ್ರೀಕರಿಸುವುದು. ಆಮೇಲೆ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮಾಸ್ಕನ್ನು ಆಚೆ ಬದಿಗೆ ಸರಿಸಿ, ವೇಷ ಬದಲಿಸಿಕೊಂಡು ಬಂದ ಅದೇ ನಟನನ್ನು ಇನ್ನೊಂದು ಕಡೆ ನಿಲ್ಲಿಸುವುದು. ನಡುವೆ ಕ್ಯಾಮೆರಾ ಕೂದಲೆಳೆಯಷ್ಟು ಅಲ್ಲಾಡಿದರೂ ಅಪ್ಪನ ಭುಜ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಎದುರಿಗೆ ಯಾರೂ ಇಲ್ಲದ ಗಾಳಿಯನ್ನು ನೋಡಿ ಮಗನ ಮೇಲೆ ಸಿಟ್ಟು ಮಾಡಿಕೊಳ್ಳಬೇಕು. ಇದರಲ್ಲಿ ಲಾಜಿಕ್ ಇಲ್ಲ ಎನ್ನುತ್ತೀರಾ? ನಿಮ್ಮ ಬ್ರೋಷರಿನ ಕೆರೆಗಿಂತ ಹೆಚ್ಚು ಅಳತೆ ಇದರಲ್ಲಿದೆ.

ಇನ್ನೊಂದು ಮಾತು ಹೇಳಿದರೆ ನೀವು ಗಾಬರಿಯಾಗಬಾರದು. ಆ ರೀಲಿನ ಕಾಲದಲ್ಲಿ ಪರದೆಯ ಮೇಲೆ ಚಿತ್ರ ಎಲ್ಲ ಹೊತ್ತೂ ಇರುತ್ತಿರಲಿಲ್ಲ. ಸೆಕೆಂಡಿಗೆ 24 ಚೌಕ ಓಡುತ್ತವೆ. ಒಂದು ಚೌಕ ಹೋಗಿ ಇನ್ನೊಂದು ಬಂದು ಕೂರುವಷ್ಟು ಹೊತ್ತು ಪ್ರೊಜೆಕ್ಟರಿನ ಶಟರ್ ಬೆಳಕನ್ನು ಮುಚ್ಚುತ್ತದೆ, ಚೌಕ ಕೂತ ಮೇಲೂ ಇನ್ನೊಂದು ಸಲ ಮುಚ್ಚುತ್ತದೆ. ಆ ಕತ್ತಲನ್ನೆಲ್ಲ ಕೂಡಿಸಿದರೆ ಸಿನಿಮಾದ ಅರ್ಧಕ್ಕೆ ಹತ್ತಿರ ಬರುತ್ತದೆ. ಅಂದರೆ ಮೂರು ಗಂಟೆಯ ಸಿನಿಮಾದಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ ನೀವು ಬರೀ ಕತ್ತಲನ್ನೇ ನೋಡುತ್ತಿದ್ದಿರಿ. ಸಿನಿಮಾವೇ ರೆಪ್ಪೆ ಮಿಟುಕಿಸುತ್ತಿತ್ತು, ಆ ಸಂದುಗಳನ್ನೆಲ್ಲ ನಿಮ್ಮ ತಲೆಯೇ ತುಂಬಿಸಿಕೊಂಡು ಹೋಗುತ್ತಿತ್ತು. ಅರ್ಧ 'ಬಭ್ರುವಾಹನ'ವನ್ನು ಚಿತ್ರಮಂದಿರದಲ್ಲಿ ಕೂತು ನೀವೇ ಬಿಟ್ಟಿಯಾಗಿ ಮಾಡಿಕೊಟ್ಟಿದ್ದೀರಿ. ಅಂಥವರು ಈಗ ಒಂದು ಹನಿ ಕಣ್ಣಿನ ಔಷಧಿಗೆ ರಸೀದಿ ಕೇಳುತ್ತೀರಲ್ಲ.

ನಮ್ಮಜ್ಜಿ ಮಾಗಡಿ ಕಡೆಯವಳು. ರಾತ್ರಿ ಕತೆ ಹೇಳುವಾಗ ಅವಳದು ಒಂದೇ ಷರತ್ತು, ಕೇಳುವವರು ಹೂಂಗುಟ್ಟಬೇಕು. "ಒಂದೂರಲ್ಲಿ ಒಬ್ಬ ರಾಜ ಇದ್ನಂತೆ." ಹೂಂ. "ಅವನಿಗೆ ಏಳು ಜನ ಹೆಂಡ್ತೀರು." ಹೂಂ. ಹೂಂ ನಿಂತರೆ ಕತೆ ನಿಲ್ಲುತ್ತಿತ್ತು. ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುವುದು ಹೇಗೆ ಎಂದು ನಮ್ಮಣ್ಣ ಒಂದು ದಿನ ಕೇಳಿಬಿಟ್ಟ. ಅಜ್ಜಿ ಎಲೆಅಡಿಕೆ ಚೀಲದ ದಾರ ಎಳೆದು, "ಗಿಳಿ ಹಾರೋಯ್ತು, ಮಲಕ್ಕೋ" ಎಂದಳು. ಆ ರಾಕ್ಷಸ ಇವತ್ತಿಗೂ ಸತ್ತಿಲ್ಲ. ನಮ್ಮಣ್ಣ ಸರ್ಕಾರಿ ಆಡಿಟರ್ ಆಗಿ ರಿಟೈರ್ ಆದ.

ಅಜ್ಜಿ ಹೇಳುತ್ತಿದ್ದುದರಲ್ಲಿ ಒಂದು ಕತೆಯನ್ನು ಆಮೇಲೆ ಎ.ಕೆ. ರಾಮಾನುಜನ್ ಅವರ ಜನಪದ ಕತೆಗಳ ಸಂಗ್ರಹದಲ್ಲೂ ಕಂಡು ನಾನು ಕೂತಲ್ಲೇ ಹಿಗ್ಗಿದೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಬರುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗಿದ್ದು ಉಸಿರುಗಟ್ಟಿದ ಅವು ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕತೆ ಒಂದು ಜೊತೆ ಜೋಡಾಗಿ ಬಾಗಿಲ ಹೊರಗೆ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಮನೆಗೆ ಬಂದ ಗಂಡ "ಯಾರದು ಇದು, ಯಾರು ಬಂದಿದ್ದರು" ಎಂದ. ಇವಳು "ಗೊತ್ತಿಲ್ಲ" ಎಂದಳು. ಜಗಳವಾಯಿತು. ಗಂಡ ಕಂಬಳಿ ಎತ್ತಿಕೊಂಡು ಹನುಮಂತರಾಯನ ಗುಡಿಗೆ ಹೋಗಿ ಮಲಗಿದ. ಊರಿನ ಮನೆಗಳಲ್ಲಿ ಆರಿಸಿದ ದೀಪದ ಕುಡಿಗಳೆಲ್ಲ ರಾತ್ರಿ ಆ ಗುಡಿಗೆ ಬಂದು ಹರಟೆ ಹೊಡೆಯುತ್ತಿದ್ದವು. ತಡವಾಗಿ ಬಂದ ಒಂದು ಕುಡಿ, "ನಮ್ಮನೇಲಿ ಗಂಡಹೆಂಡಿರ ಜಗಳ ಕಣ್ರೇ, ಅದಕ್ಕೇ ತಡ" ಎಂದು ಜೋಡು ಕೋಟುಗಳ ಗುಟ್ಟು ಬಿಚ್ಚಿತು. ಗಂಡ ಬೆಳಿಗ್ಗೆ ಮನೆಗೆ ಬಂದು ಕೇಳಿದರೆ ಹೆಂಡತಿಗೆ ಕತೆಯೂ ಮರೆತಿತ್ತು, ಹಾಡೂ ಮರೆತಿತ್ತು.

ಈ ಕತೆಯನ್ನು ನಿಮಗೆ ಯಾಕೆ ಹೇಳಿದೆ ಅಂದರೆ, ಹೂಂಗುಟ್ಟುವವರು ಇಲ್ಲದ ಕಡೆ ಕತೆ ಸುಮ್ಮನೆ ಕೂರುವುದಿಲ್ಲ. ವೇಷ ಬದಲಿಸುತ್ತದೆ. ನಮ್ಮ ಕಡೆ ಅದು ಬಡಾವಣೆಯ ಬ್ರೋಷರ್ ಆಗಿದೆ, ವಾಟ್ಸಾಪ್ ಫಾರ್ವರ್ಡ್ ಆಗಿದೆ, ಬಜೆಟ್ ಭಾಷಣ ಆಗಿದೆ. ಫಿಲ್ಮ್ ಸಿಟಿಯನ್ನೇ ನೋಡಿ. ಹೆಸರಘಟ್ಟ ಎಂದರು, ರಾಮನಗರ ಎಂದರು, ಕನಕಪುರ ರಸ್ತೆಯ ರೋರಿಚ್ ಎಸ್ಟೇಟ್ ಎಂದರು, ಮೈಸೂರು ಎಂದರು. 2020ರ ಬಜೆಟ್‌ನಲ್ಲೂ 500 ಕೋಟಿ, 2025ರ ಬಜೆಟ್‌ನಲ್ಲೂ 500 ಕೋಟಿ. ಲೊಕೇಶನ್ ಬದಲಾಯಿತು, ನಾಯಕ ನಟರು ಬದಲಾದರು, ಕಂಟಿನ್ಯುಯಿಟಿ ಉಳಿದದ್ದು ಆ 500 ಕೋಟಿಯಲ್ಲಿ ಮಾತ್ರ. ಟಿಕೆಟ್ ದರ 200 ರೂಪಾಯಿ ದಾಟಬಾರದೆಂಬ ಕತೆಯನ್ನೂ 2025ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದರು. ಎರಡು ವಾರ ಆಗುವುದರೊಳಗೆ ಹೈಕೋರ್ಟು ಮಧ್ಯಂತರ ತಡೆಯಾಜ್ಞೆ ಕೊಟ್ಟಿತು. ಸಿನಿಮಾದ ಆದೇಶಕ್ಕೆ ಮಧ್ಯಂತರವೇ ಬರಬೇಕು, ಸರಿಯಾಗಿಯೇ ಇದೆ.

ನೀವು ಬೇಸರ ಮಾಡಿಕೊಳ್ಳಬೇಡಿ, ಹೂಂಗುಟ್ಟುವವರೂ ಇದ್ದಾರೆ. ಪವನ್ ಕುಮಾರ್ ಎಂಬ ನಿರ್ದೇಶಕ 'ಲೂಸಿಯಾ' ಕತೆ ಹಿಡಿದುಕೊಂಡು ಹೊರಟಾಗ ಆಗಿದ್ದನ್ನು ಕೇಳಿ. ಟಾಕೀಸಿನಲ್ಲಿ ಟಾರ್ಚ್ ಬಿಡುವ ಹುಡುಗ, ನಿದ್ದೆ ಬರದವನು, ಒಂದು ಮಾತ್ರೆ ನುಂಗಿ ದಿನಾ ರಾತ್ರಿ ತಾನು ಸಿನಿಮಾ ಸ್ಟಾರ್ ಎಂದು ಕನಸು ಕಾಣುತ್ತಾನೆ. ಟಾರ್ಚಿನ ಬದುಕು ಬಣ್ಣದಲ್ಲಿ, ಸ್ಟಾರಿನ ಬದುಕು ಕಪ್ಪುಬಿಳುಪಿನಲ್ಲಿ. ಹಣ ಹಾಕುವವರು ಮುಂದೆ ಬಾರದಿದ್ದಾಗ ಅವರು ನೋಡುವವರನ್ನೇ ಕೇಳಿದರು. 27 ದಿನದಲ್ಲಿ 110 ಜನ ಸೇರಿ 51 ಲಕ್ಷ ರೂಪಾಯಿ ಕೊಟ್ಟರು. ಇನ್ನೂ ತೆಗೆಯದ ಸಿನಿಮಾಗೆ ದುಡ್ಡು! ಲಾಜಿಕ್ ಎಲ್ಲಿದೆ? ಬೀದಿಯ ಚೀಟಿಗೆ ಕಟ್ಟಿದ್ದರೆ ಕಡೇ ಪಕ್ಷ ಓಡಿಹೋದವರ ಮನೆ ವಿಳಾಸ ಗೊತ್ತಿರುತ್ತಿತ್ತು. ನನ್ನ ಲೆಕ್ಕದಲ್ಲಿ ಅದು 110 ಜನ ಒಟ್ಟಿಗೆ ಅಂದ ಹೂಂ. 2013ರಲ್ಲಿ ಆ ಸಿನಿಮಾ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಬಹುಮಾನ ಪಡೆದು, ಸೆಪ್ಟೆಂಬರ್‌ನಲ್ಲಿ ಇಲ್ಲಿ ತೆರೆ ಕಂಡಿತು. ಕೊನೆಯ ತಿರುವು ಏನೆಂದು ಹೇಳುವುದಿಲ್ಲ. ನೀವು ಆಗ ಪಾರ್ಕಿಂಗ್ ರಶ್ ತಪ್ಪಿಸಲು ಎದ್ದಿರುತ್ತೀರಿ.

ಇನ್ನೊಂದು ಹೂಂ ಫ್ರಾನ್ಸಿನಿಂದ ಬಂತು. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದ ಚಿದಾನಂದ ಎಸ್. ನಾಯ್ಕ್ ಎಂಬ ಹುಡುಗ ನಮ್ಮ ಅಜ್ಜಿಯರ ಕತೆಯೊಂದನ್ನು ಎತ್ತಿಕೊಂಡು 16 ನಿಮಿಷದ ಕನ್ನಡ ಸಿನಿಮಾ ಮಾಡಿದ. ಒಬ್ಬ ಮುದುಕಿ ಊರಿನ ಹುಂಜ ಕದಿಯುತ್ತಾಳೆ. ಕೂಗುವ ಹುಂಜ ಇಲ್ಲವಲ್ಲ, ಸೂರ್ಯ ಹುಟ್ಟುವುದೇ ಇಲ್ಲ. ಊರೆಲ್ಲ ಕತ್ತಲು. ಇಷ್ಟೇ. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಇದಕ್ಕೆ ಮೊದಲ ಬಹುಮಾನ. ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದರಿಂದ ಹಗಲುರಾತ್ರಿ ಆಗುತ್ತದೆ ಎಂದು ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ನನಗೇ ಆ ಹುಂಜದ ಬಗ್ಗೆ ತಕರಾರಿಲ್ಲ. ಒಂದು ಊರಿನ ಕತ್ತಲಿಗೆಲ್ಲ ಒಬ್ಬ ಮುದುಕಿಯನ್ನೇ ಹೊಣೆ ಮಾಡುವುದು ನಮ್ಮಲ್ಲಿ ಎಷ್ಟು ಸುಲಭ ಎಂಬುದಕ್ಕೆ ಆ ಹುಂಜಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಆವತ್ತು ಸಿನಿಮಾ ಮುಗಿಸಿ ನಾನು ಮೆಟ್ರೊದಲ್ಲಿ ಮನೆಗೆ ಬಂದೆ. ರಾಜಾಜಿನಗರಕ್ಕೂ ವಿಜಯನಗರಕ್ಕೂ ಕಾಗೆ ಹಾರಿದರೆ ಎಷ್ಟು ದೂರ? ಮೆಟ್ರೊದಲ್ಲಿ ಹಸಿರು ಗೆರೆ ಹಿಡಿದು ಮೆಜೆಸ್ಟಿಕ್‌ಗೆ ಹೋಗಿ, ನೆಲದಡಿ ಇಳಿದು, ನೇರಳೆ ಗೆರೆ ಹತ್ತಿ ವಾಪಸ್ಸು ಬರಬೇಕು. ಮಕ್ಕಳಿಗೆ ದೂರಕ್ಕೂ ಸ್ಥಾನಪಲ್ಲಟಕ್ಕೂ ಇರುವ ವ್ಯತ್ಯಾಸ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬೈದುಕೊಳ್ಳುವ ಮೊದಲು ಶಂಕರ್‌ನಾಗ್ ನೆನಪಾದ. ಎಂಬತ್ತರ ದಶಕದಲ್ಲೇ ಈ ಊರಿಗೆ ಮೆಟ್ರೊ ಬೇಕೆಂದು ಆತ ತಲೆ ಕೆಡಿಸಿಕೊಂಡಿದ್ದ ಎಂದು ಅವನ ಹತ್ತಿರದವರು ಹೇಳುತ್ತಾ ಬಂದಿದ್ದಾರೆ. ಸಿನಿಮಾದವನಿಗೆ ಯಾಕಪ್ಪಾ ರೈಲಿನ ಉಸಾಬರಿ ಎಂದು ನಿಮ್ಮಂಥವರು ಆಗಲೂ ಇದ್ದಿರಬೇಕು. 1990ರ ಸೆಪ್ಟೆಂಬರ್ 30ಕ್ಕೆ ಆತ ಹೋಗಿಬಿಟ್ಟ, ಇನ್ನೂ 35. ಮೊದಲ ಮೆಟ್ರೊ ಓಡಿದ್ದು 2011ರಲ್ಲಿ, ರಾಜಾಜಿನಗರಕ್ಕೆ ಬಂದದ್ದು 2014ರಲ್ಲಿ.

ಅದೇ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದ. ಆರ್.ಕೆ. ನಾರಾಯಣ್ 1935ರಲ್ಲಿ ಪುಸ್ತಕವಾಗಿ ಹೊರತಂದ ಊರು ಮಾಲ್ಗುಡಿ, ಯಾವ ನಕಾಶೆಯಲ್ಲೂ ಇಲ್ಲ. ಶಂಕರ್ ಅದನ್ನು ಆಗುಂಬೆಯಲ್ಲಿ ಕಟ್ಟಿದ. ಶಿವಮೊಗ್ಗ ಜಿಲ್ಲೆಯ ಅರಸಾಳು ಎಂಬ ಪುಟ್ಟ ಸ್ಟೇಷನ್ನಿಗೆ ಮಾಲ್ಗುಡಿ ಎಂದು ಬೋರ್ಡು ಹಾಕಿದ. ಈಗ ರೈಲ್ವೆಯವರು ಆ ಸ್ಟೇಷನ್ನಿನ ಹಳೆಯ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಮೈಸೂರಿಗೂ ಬೆಂಗಳೂರಿಗೂ ನಡುವೆ ಮಾಲ್ಗುಡಿ ಎಕ್ಸ್‌ಪ್ರೆಸ್ ಎಂಬ ರೈಲನ್ನೂ ಬಿಟ್ಟರು. ಅದು ಕೆಂಗೇರಿಯನ್ನು ಹಾದೇ ಹೋಗಬೇಕು. ನೀವು ಅಡ್ವಾನ್ಸ್ ಹಾಕಿಸಿದ ಸೈಟಿನಿಂದ ನವಿಲು ಕಾಣದಿದ್ದರೂ ಆ ರೈಲಿನ ಸದ್ದಂತೂ ಕೇಳಿಸೀತು. ಇಲ್ಲದ ಊರಿನ ಹೆಸರು ಹೊತ್ತ ರೈಲಿನಲ್ಲಿ ಕೂತು ಯಾರೂ ಲಾಜಿಕ್ ಕೇಳುವುದಿಲ್ಲ. ಲೇಟಾದರೆ ಮಾತ್ರ ಬೈಯುತ್ತಾರೆ.

ಕೆಂಗೇರಿ ಎಂದೊಡನೆ ಬಾಲಣ್ಣ ನೆನಪಾಗುತ್ತಾರೆ, ಟಿ.ಎನ್. ಬಾಲಕೃಷ್ಣ. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿ, ತನ್ನ ಸರದಿ ಬಂತೆಂದು ತಿಳಿದು ಮಾತು ಒಗೆಯುತ್ತಿದ್ದರು. ಆ ಟೈಮಿಂಗಿಗೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕೇಳಿಸದ ಮಾತಿಗೆ ಸರಿಯಾದ ಕ್ಷಣಕ್ಕೆ ಉತ್ತರ ಕೊಡುವುದು! ಕನ್ನಡಕ್ಕೆ ಒಂದು ಸ್ಟುಡಿಯೊ ಬೇಕೆಂದು ಕೆಂಗೇರಿ ಹತ್ತಿರ ಅಭಿಮಾನ್ ಸ್ಟುಡಿಯೊ ಕಟ್ಟಲು ಹೊರಟು ಆಯುಸ್ಸನ್ನೆಲ್ಲ ಸುರಿದರು. 2009ರ ಡಿಸೆಂಬರ್ 30ರಂದು ತೀರಿಕೊಂಡ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದದ್ದು ಅಲ್ಲೇ. 2025ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಬೆಳಗಾಗುವುದರೊಳಗೆ ಆ ಸಮಾಧಿ ಇರಲಿಲ್ಲ. ಇದರ ಬಗ್ಗೆ ವ್ಯಂಗ್ಯ ಮಾಡಲು ನನಗೆ ಬರುವುದಿಲ್ಲ ರಾಯರೇ, ಇಷ್ಟಕ್ಕೇ ಬಿಡುತ್ತೇನೆ.

ಸಿನಿಮಾ ನೋಡಲು ಬಂದವರಿಗೆ ಮಾಗಡಿ ರಸ್ತೆಯ ಇನ್ನೊಂದು ಮಾಲ್‌ನಲ್ಲಿ ಆದ ಸಂಗತಿ ನಿಮಗೂ ಗೊತ್ತಿರುತ್ತದೆ. 2024ರ ಜುಲೈನಲ್ಲಿ ಹಾವೇರಿ ಕಡೆಯ ಒಬ್ಬ ಹಿರಿಯ ರೈತರು ಮಗನ ಜೊತೆ ಸಿನಿಮಾ ನೋಡಲು ಬಂದಿದ್ದರು. ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ಆಮೇಲೆ ಗಲಾಟೆಯಾಗಿ ಸರ್ಕಾರ ಆ ಮಾಲನ್ನೇ ಒಂದು ವಾರ ಮುಚ್ಚಿಸಿತು. ಪರದೆಯ ಮೇಲೆ ಪಂಚೆ ಎತ್ತಿ ಕಟ್ಟಿ ಓಡುವ 'ಕಾಂತಾರ'ದ ನಾಯಕನಿಗೆ ಎದ್ದು ನಿಂತು ಕೈ ಮುಗಿದ ಊರೇ ಇದು. ಬಾಗಿಲು ಕಾಯುವ ಹುಡುಗನೂ ಆ ಸಿನಿಮಾ ನೋಡಿಯೇ ಇರುತ್ತಾನೆ, ಪಾಪ. ಅವನಿಗೂ ಯಾರೋ ಮೇಲಿನವರು ಲಾಜಿಕ್ ಹೇಳಿಕೊಟ್ಟಿದ್ದರು.

ನಿಮ್ಮಲ್ಲಿ ನನ್ನ ಕೋರಿಕೆ ಬಹಳ ಸಣ್ಣದು. ಇನ್ನೊಂದು ಸಲ ಯಾವುದಾದರೂ ಹೊಸ ಹುಡುಗನೋ ಹುಡುಗಿಯೋ ಸಾಲಸೋಲ ಮಾಡಿ ತೆಗೆದ ವಿಚಿತ್ರ ಸಿನಿಮಾ ಬಂದಾಗ, ವಾರ ಮುಗಿಯುವುದರೊಳಗೆ ಎತ್ತಿಬಿಡುವ ಮೊದಲು, ಹೋಗಿ. ಹೆಚ್ಚೇನೂ ಬೇಡ, ಮೊದಲ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡೇ ಹೂಂ ಎನ್ನಿ. ಅದಕ್ಕೆ ಜಿಎಸ್‌ಟಿ ಇಲ್ಲ. ಹನ್ನೊಂದನೇ ನಿಮಿಷದಿಂದ ನಿಮ್ಮ ಲಾಜಿಕ್ಕು, ನಿಮ್ಮ ಹಕ್ಕು. ಆಗ ಕೇಳುವ ಪ್ರಶ್ನೆಗಳನ್ನು ನಾನೂ ಕೂತು ಕೇಳುತ್ತೇನೆ, ಬೇಕಾದರೆ ಬೋರ್ಡಿನ ಮೇಲೆ ಬಿಡಿಸಿಯೂ ತೋರಿಸುತ್ತೇನೆ.

ಇಂತಿ,
ನಿಮ್ಮ ಬಲಗಡೆ ಸೀಟಿನವಳು
ವಿಜಯನಗರ, ಬೆಂಗಳೂರು

ತಾ.ಕ.: ಆವತ್ತು ಎದ್ದು ಹೋಗುವ ಅವಸರದಲ್ಲಿ ನೀವು ನಿಮ್ಮ ಜರ್ಕಿನ್ ಸೀಟಿನ ಮೇಲೆ ಬಿಟ್ಟು ಹೋಗಿದ್ದಿರಿ. ಕಡುನೀಲಿ, ಎಡ ಜೇಬಿನ ಜಿಪ್ ಕೆಟ್ಟಿದೆ. ಕೌಂಟರಿನ ಹುಡುಗ ತೆಗೆದುಕೊಳ್ಳಲು ಒಪ್ಪಲಿಲ್ಲ. ನಾನೇ ತಂದು ಬೀರುವಿನಲ್ಲಿಟ್ಟು ಮರೆತಿದ್ದೆ. ಚಳಿ ಶುರುವಾಯಿತೆಂದು ಇವತ್ತು ಹೊರತೆಗೆದು, ಗಾಳಿಯಾಡಲೆಂದು ಹಾಲಿನ ಗೂಟಕ್ಕೆ ನೇತುಹಾಕಿದೆ. ಸಂಜೆ ವಾಕಿಂಗ್ ಮುಗಿಸಿ ಬಂದ ನಮ್ಮ ಯಜಮಾನರು "ಯಾರದೇ ಇದು?" ಎಂದರು. ಇದ್ದದ್ದು ಇದ್ದ ಹಾಗೆ ಹೇಳಿದೆ, ಹೆಸರು ಗೊತ್ತಿಲ್ಲದ ಗಂಡಸಿನದು, ಸಿನಿಮಾದಲ್ಲಿ ಪಕ್ಕದಲ್ಲಿ ಕೂತಿದ್ದರು ಎಂದು. "ಲಾಜಿಕ್ಕೇ ಇಲ್ಲ" ಎಂದವರೇ ಶಾಲು ಹೊದ್ದು ಮತ್ತೆ ಮಾರುತಿ ಮಂದಿರದ ಕಡೆ ಹೋದರು. ರಾತ್ರಿ ಒಂಬತ್ತೂವರೆಯಾದರೂ ಬಂದಿಲ್ಲ. ದಯವಿಟ್ಟು ಬಂದು ಜರ್ಕಿನ್ ತೆಗೆದುಕೊಂಡು ಹೋಗಿ. ಅಂದಹಾಗೆ, ಬೆಳಿಗ್ಗೆಯಿಂದ ನಮ್ಮ ಬಾಗಿಲ ಮುಂದೆ ಒಂಬತ್ತನೇ ನಂಬರಿನ ಗಂಡಸರ ಚಪ್ಪಲಿ ಒಂದು ಜೊತೆ ಬಿದ್ದಿದೆ. ಅದೂ ನಿಮ್ಮದೇನಾ?